ಹಿತ್ತಲ ಕೊಳ ಮುಚ್ಚಿಸಿದ್ದು

ಏಪ್ರಿಲ್ 9

ಕಂಟ್ರಾಕ್ಟರ್ ಇವತ್ತೂ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ "ಗಾಡಿ ಹೊರಟಿದೆ ಸಾರ್" ಅಂದ. ಮಧ್ಯಾಹ್ನ ಮಾಡಿದರೆ "ದಾರೀಲಿದೆ" ಅಂದ. ಸಂಜೆ ಫೋನೇ ಎತ್ತಲಿಲ್ಲ. ಭಾನುವಾರ ಅವಳೂ ಅವಳ ಮಗಳೂ ಸಾಮಾನು ಸಮೇತ ಬಂದುಬಿಡುತ್ತಾರೆ. ಅಷ್ಟರೊಳಗೆ ಹಿತ್ತಲಿನ ಈಜುಕೊಳ ಮುಚ್ಚಿಸಿರುತ್ತೇನೆ ಎಂದು ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮಾತು ಕೊಟ್ಟಿದ್ದೆ. ಅವಳೇನೂ ಕೇಳಿರಲಿಲ್ಲ. ಮದುವೆಗೆ ಸಹಿ ಹಾಕಿ ಹೊರಗೆ ಬಂದವನಿಗೆ ಏನಾದರೂ ಕೊಡಬೇಕೆನ್ನಿಸಿತು, ಬಾಯಿಗೆ ಬಂದದ್ದು ಅದು.

ಈ ಮನೆ ಕೊಂಡಾಗ ಕೊಳ ಬೇಡವೆಂದರೂ ಜೊತೆಗೇ ಬಂತು. ಹಿಂದಿನ ಮಾಲೀಕರಿಗೆ ಈಜಿನ ಹುಚ್ಚು. ನನಗೋ ನೀರು ಮೊಣಕಾಲು ದಾಟಿದರೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟು ವರ್ಷ ಅದರ ಮೇಲೆ ಟಾರ್ಪಾಲು ಹೊದಿಸಿ, ಕೆಲಸದ ಕೋಣೆಯ ಕಿಟಕಿಗೆ ಬೆನ್ನು ಹಾಕಿ ಕೂತು, ಅದು ಇಲ್ಲವೆಂದೇ ಬದುಕಿದೆ. ಇವತ್ತು ದಂತವೈದ್ಯರಿಗೆ ಎರಡು ಸೆಟ್ ಕೃತಕ ಹಲ್ಲು ಮಾಡಿ ಕಳಿಸಬೇಕಿತ್ತು. ಮೇಲಿನ ಸಾಲು ಕೆಳಗಿನದರ ಮೇಲೆ ಸರಿಯಾಗಿ ಕೂರಲಿಲ್ಲ, ಮೇಣ ಕರಗಿಸಿ ಮತ್ತೆ ಶುರು ಮಾಡಿದೆ. ಕೈ ಇಲ್ಲಿ, ಮನಸ್ಸು ಹಿತ್ತಲಲ್ಲಿ.

ಅವಳ ಮಗಳಿಗೆ ಆರು ವರ್ಷ. ಆರು ವರ್ಷದವರು ಎಷ್ಟು ಬೇಗ ಓಡುತ್ತಾರೆ ಎಂದು ಇವತ್ತು ಬೀದಿಯಲ್ಲಿ ನಿಂತು ನೋಡಿದೆ. ತುಂಬಾ ಬೇಗ.

ಏಪ್ರಿಲ್ 14, ಭಾನುವಾರ

ಬಂದರು. ಒಂದು ಮಂಚ, ಎರಡು ಕಪಾಟು, ರಟ್ಟಿನ ಪೆಟ್ಟಿಗೆಗಳ ಗುಡ್ಡ. ಲಾರಿಯನ್ನು ಗೇಟಿನೊಳಗೆ ರಿವರ್ಸ್ ತೆಗೆಯಲು ಡ್ರೈವರ್ ಒದ್ದಾಡುತ್ತಿದ್ದ. ನನ್ನ ಹೆಂಡತಿ (ಹಾಗೆ ಬರೆದು ನೋಡಿದೆ, ವಿಚಿತ್ರವಾಗಿದೆ) ಸಿಟಿ ಬಸ್ ಓಡಿಸುವವಳಲ್ಲವೇ, ನೋಡಲಾರದೆ ಅವನನ್ನು ಇಳಿಸಿ ತಾನೇ ಹತ್ತಿದಳು. ಒಂದೇ ಸಲಕ್ಕೆ ತಂದು ನಿಲ್ಲಿಸಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅವಳ ಮಗಳು ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ. ಅದಕ್ಕೇ ಎಲ್ಲರೂ ಜೀರಿಗೆ ಅಂತಾರೆ. ನನಗೆ ಹಾಗೆ ಕರೆಯಲು ನಾಲಿಗೆ ಹೊರಳಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು "ಊಟ ಮಾಡಿದ್ರಾ?" ಎಂದು ಕೇಳಿದೆ. ಆರು ವರ್ಷದವಳಿಗೆ ಬಹುವಚನ! ಹುಡುಗಿ ಹಿಂದೆ ತಿರುಗಿ ಯಾರಾದರೂ ದೊಡ್ಡವರು ನಿಂತಿದ್ದಾರಾ ನೋಡಿದಳು. ಆಮೇಲೆ ಅಮ್ಮನ ಕಿವಿಯಲ್ಲಿ, ನನಗೆ ಕೇಳುವಷ್ಟು ಜೋರಾಗಿ, "ಅವರಿಗೆ ಹೇಳು, ಆಯ್ತು ಅಂತ" ಅಂದಳು.

ಹಿತ್ತಲ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ, ಮೇಲುಗಡೆ. ಹುಡುಗಿಗೆ ಎಟಕುವುದಿಲ್ಲ. ಹೆಂಡತಿಗೂ ಎಟಕುವುದಿಲ್ಲ ಎಂದು ಸಂಜೆ ಗೊತ್ತಾಯಿತು.

ಏಪ್ರಿಲ್ 17

ಚಿಲಕ ಸರಿ, ಆದರೆ ಸ್ಟೂಲು ಇದೆ. ಸ್ಟೂಲನ್ನು ಅಟ್ಟಕ್ಕೆ ಹಾಕಿದೆ. ಬಚ್ಚಲಿನ ಕಿಟಕಿ ಇದೆ. ಪಕ್ಕದ ಓಣಿಯಿಂದ ಸುತ್ತಿಕೊಂಡು ಹೋಗಬಹುದು. ಟಾರ್ಪಾಲಿನ ಮೇಲೆ ಕಾಲಿಟ್ಟರೆ ನೆಲವೆಂದೇ ಅನ್ನಿಸುತ್ತದೆ, ಆಮೇಲೆ ಒಳಗೆ ಸುತ್ತಿಕೊಳ್ಳುತ್ತದೆ. ಟಾರ್ಪಾಲು ತೆಗೆದುಬಿಟ್ಟೆ. ತೆಗೆದ ಮೇಲೆ ಹಸಿರು ನೀರು ಬಾಯಿ ಬಿಟ್ಟುಕೊಂಡಿತು, ಮತ್ತೆ ಹೊದಿಸಿದೆ.

ಊಟದ ಹೊತ್ತಿಗೆ ಮೂರು ಸಲ ಎದ್ದು ಹೋಗಿ ಬಂದದ್ದಕ್ಕೆ ಹೆಂಡತಿ ತಟ್ಟೆ ಸರಿಸಿ ಕೂತಳು.

"ರೀ, ನಾನು ದಿನಾ ಅರವತ್ತು ಜನರನ್ನ ಹಿಂದೆ ಕೂರಿಸ್ಕೊಂಡು ಊರು ಸುತ್ತೋಳು. ಹಿಂಗೆ ಯೋಚನೆ ಮಾಡ್ತಾ ಕೂತ್ರೆ ಡಿಪೋದಿಂದ ಗಾಡಿ ಹೊರಗೇ ಬರಲ್ಲ."

"ಬಸ್ಸಿಗೆ ಬ್ರೇಕ್ ಇರುತ್ತೆ" ಅಂದೆ.

ಅವಳು ನಕ್ಕಳು. ಹುಡುಗಿ ನಗಲಿಲ್ಲ. ನಾನು ಎದ್ದು ಹೋಗುವುದನ್ನೂ ಬರುವುದನ್ನೂ ಬಾಯಲ್ಲಿ ತುತ್ತಿಟ್ಟುಕೊಂಡೇ ನೋಡುತ್ತಿದ್ದಳು.

ಏಪ್ರಿಲ್ 23

ಕೊನೆಗೂ ಕಂಟ್ರಾಕ್ಟರ್ ಪಂಪ್ ತಂದ. ನೀರು ಇಡೀ ದಿನ ಚರಂಡಿಗೆ ಹೋಯಿತು. ಕಪ್ಪೆಗಳು ಗೋಡೆ ಹತ್ತಿ ಪಕ್ಕದ ಮನೆಗೆ ವಲಸೆ ಹೋದವು. ಪಕ್ಕದ ಮನೆಯವರು ನಿವೃತ್ತ ಡ್ರಿಲ್ ಮೇಷ್ಟ್ರು. ಕಾಂಪೌಂಡಿನ ಮೇಲೆ ತಲೆ ಹಾಕಿ, "ನಿಮ್ಮ ಬಾಡಿಗೆದಾರರೆಲ್ಲ ನಮ್ಮಲ್ಲಿಗೆ ಬಂದಿದ್ದಾರಲ್ರೀ" ಅಂದರು. ಕ್ಷಮೆ ಕೇಳಿದೆ. ತಮಾಷೆಗೆ ಅಂದದ್ದಿರಬೇಕು.

"ಉಳಿದ ಕೆಲಸ ಮುಂದಿನ ವಾರ" ಎಂದು ಹೇಳಿ ಕಂಟ್ರಾಕ್ಟರ್ ಹೋದ. ಈಗ ನೀರಿಲ್ಲ, ಗುಂಡಿ ಇದೆ. ಮೆಟ್ಟಿಲಿರುವ ಕಡೆ ಸೊಂಟದಷ್ಟು, ಆ ತುದಿಯಲ್ಲಿ ನನ್ನ ತಲೆ ಮುಳುಗಿ ಇನ್ನೂ ಮೇಲೆ. ನೀರಿದ್ದಾಗ ಮುಳುಗುವ ಭಯವಿತ್ತು. ಈಗ ಬಿದ್ದರೆ ನೇರ ಸಿಮೆಂಟು. ಯಾವುದು ವಾಸಿ ಎಂದು ಮಧ್ಯಾಹ್ನವಿಡೀ ಯೋಚಿಸಿದೆ. ಯಾವುದೂ ವಾಸಿಯಲ್ಲ.

ಮೇ 2

ಹಲ್ಲಿಗೆ ಪಾಲಿಶ್ ಹಾಕುತ್ತಿದ್ದೆ. ಮೋಟಾರು ನಿಲ್ಲಿಸಿದಾಗ ಹಿತ್ತಲಿಂದ ಯಾರೋ ಗದರುವ ದನಿ. "ಮುಂದೆ ಹೋಗಿ, ಮುಂದೆ ಹೋಗಿ! ಜಾಗ ಇದೆಯಲ್ಲಾ, ಬಾಗಿಲಲ್ಲೇ ಯಾಕೆ ನಿಂತ್ಕೊಂಡಿದೀರಾ?"

ಓಡಿದೆ. ಬಾಗಿಲು ತೆರೆದಿತ್ತು. (ಹೆಂಡತಿ ಬಟ್ಟೆ ಒಣಹಾಕಲು ಪೊರಕೆಯ ಹಿಡಿಯಿಂದ ಚಿಲಕ ತಳ್ಳಿ ತೆಗೆದದ್ದಂತೆ.) ಹುಡುಗಿ ಬರಿದಾದ ಕೊಳದೊಳಗೆ, ಆಳದ ತುದಿಯಲ್ಲಿ, ಮಗುಚಿದ ಬಕೆಟ್ಟಿನ ಮೇಲೆ ಕೂತು ಒಂದು ತಟ್ಟೆಯನ್ನು ಸ್ಟಿಯರಿಂಗ್ ಮಾಡಿ ತಿರುಗಿಸುತ್ತಿದ್ದಳು. ಗೋಡೆಗಳು ಅವಳ ದನಿಯನ್ನು ದೊಡ್ಡದು ಮಾಡಿ ವಾಪಸ್ಸು ಕೊಡುತ್ತಿದ್ದವು. ಮನೆಯೊಳಗೆ ಪಿಸುಗುಟ್ಟುವ ಹುಡುಗಿ! ಯಾರೋ ಮುದುಕರನ್ನು ಕೂರಿಸಿದಳು, ಯಾರಿಗೋ ಕಿಟಕಿಯಿಂದ ಕೈ ಹೊರಗೆ ಹಾಕಬೇಡ ಎಂದು ಬೈದಳು.

ಅಮ್ಮ ದಂಡೆಯ ಮೇಲೆ ಬಟ್ಟೆ ಹಿಂಡುತ್ತಾ ನಿಂತಿದ್ದಳು. ನನ್ನ ಮುಖ ನೋಡಿ, "ನಾನಿದೀನಲ್ಲ ರೀ ಇಲ್ಲೇ" ಅಂದಳು.

ನನ್ನನ್ನು ಕಂಡದ್ದೇ ಬಸ್ ನಿಂತಿತು. ದನಿಯೂ ನಿಂತಿತು. ನಾನು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊರಟಿತು. ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಂಡು ಕೂತೆ, ಬಿದ್ದರೆ ಕಾಣಬೇಕಲ್ಲ ಎಂದು.

ಮೇ 6

ಹುಡುಗಿಯ ಮುಂದಿನ ಹಲ್ಲೊಂದು ಬಿತ್ತು. ಅಮ್ಮ ಡ್ಯೂಟಿಗೆ ಹೋಗಿದ್ದಳು. ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತು ಅಂಗೈ ಚಾಚಿದಳು. ಹಲ್ಲು, ಒಂದು ಚೂರು ರಕ್ತ. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ದಿನಾ ಹಲ್ಲಿನ ಮಧ್ಯೆಯೇ ಬದುಕುವವನು! ಆದರೆ ಅವು ಯಾವುವೂ ಹೀಗೆ ಬೆಚ್ಚಗಿರುವುದಿಲ್ಲ.

"ಇದನ್ನ ವಾಪಸ್ ಅಂಟಿಸ್ತೀರಾ?" ಎಂದು ಕೇಳಿದಳು. ಅಮ್ಮನ ಮೂಲಕವಲ್ಲ, ನೇರವಾಗಿ.

ಹೊಸದು ತಾನೇ ಬರುತ್ತದೆ ಅಂದೆ. ನಂಬಲಿಲ್ಲ. ಮೇಜಿನ ಮೇಲೆ ಒಣಗಲಿಟ್ಟಿದ್ದ ಸೆಟ್ಟುಗಳ ಕಡೆ ಬೆರಳು ತೋರಿಸಿ, "ಹಾಗಾದ್ರೆ ಇವರಿಗೆ ಯಾಕೆ ಬರ್ಲಿಲ್ಲ?" ಅಂದಳು. ಕೇಳಿದವಳು ಹೊರಟೇಹೋದಳು. ಒಳ್ಳೆಯ ಪ್ರಶ್ನೆ. ಸಂಜೆ ಡಾಕ್ಟರಿಗೆ ಫೋನ್ ಮಾಡಿ, ಆರು ವರ್ಷಕ್ಕೆ ಬೀಳುವುದು ಸರಿಯೇ ಎಂದು ಕೇಳಿದೆ. ಅವರು ಬಹಳ ಹೊತ್ತು ನಕ್ಕರು.

ಮೇ 12

ಜೆಸಿಬಿ ಬಂತು. ಇಷ್ಟು ದಿನ ಕಾದದ್ದು ಇದಕ್ಕೇ.

ಜೀರಿಗೆ ಕೊಳದಿಂದ ಮೇಲೆ ಬರಲಿಲ್ಲ. ಬಕೆಟ್ಟಿನ ಮೇಲೆ ಕೂತವಳು ಕೂತೇ ಇದ್ದಳು. ದೊಡ್ಡ ಹಳದಿ ಕೈ ಮೇಲೆ ನಿಂತು ಗಡಗಡ ಅನ್ನುತ್ತಿತ್ತು. ಡ್ರೈವರ್ ಬೀಡಿ ಹಚ್ಚಿದ. ಕಂಟ್ರಾಕ್ಟರ್ ಗಡಿಯಾರ ನೋಡಿಕೊಂಡ. ನಾನು ದಂಡೆಯ ಮೇಲೆ ಕೂತು ಏನೇನೋ ಹೇಳಿದೆ: ಬಿದ್ದರೆ ಪೆಟ್ಟಾಗುತ್ತೆ, ಮಳೆಗಾಲ ಬರುತ್ತೆ, ಇಲ್ಲಿ ಉಯ್ಯಾಲೆ ಹಾಕಿಸ್ತೀನಿ, ಹೂವಿನ ಗಿಡ ಹಾಕೋಣ.

"ಅಮ್ಮಾ, ಅವರಿಗೆ ಹೇಳು, ಗಾಡಿ ಓಡಿಸುವಾಗ ಮಾತಾಡಬಾರದು ಅಂತ."

ಹೆಂಡತಿ ಒಳಗಿಂದ ಬಂದಳು. ಯೂನಿಫಾರ್ಮ್ ಹಾಕಿಕೊಂಡಿದ್ದಳು, ಡ್ಯೂಟಿಗೆ ಹೊತ್ತಾಗಿತ್ತು. ಬೈಯಲಿಲ್ಲ, ಬೇಡಲೂ ಇಲ್ಲ. ಮೆಟ್ಟಿಲ ಹತ್ತಿರ ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲಿ, "ಕೊನೇ ಸ್ಟಾಪ್! ಗಾಡಿ ಡಿಪೋಗೆ ಹೋಗುತ್ತೆ, ಎಲ್ಲಾರೂ ಇಳೀರಿ!" ಅಂದಳು.

ಹುಡುಗಿ ತಟ್ಟೆ ತಿರುಗಿಸುವುದು ನಿಲ್ಲಿಸಿದಳು. ಎದ್ದು, ಕಾಣದ ಜನರೆಲ್ಲ ಇಳಿಯಲಿ ಎಂದು ಕಾದು, ಕೊನೆಗೆ ತಾನೂ ತಟ್ಟೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ನನ್ನ ಪಕ್ಕದಲ್ಲೇ ಹಾದುಹೋದಳು, ಕಂಬದ ಪಕ್ಕ ಹಾದುಹೋದ ಹಾಗೆ.

ಆಮೇಲೆ ಯಂತ್ರ ಒಂದು ಬದಿಯ ಅಂಚಿನ ಗೋಡೆ ಒಡೆಯಿತು. ಮಳೆನೀರು ಇಳಿದುಹೋಗಲು ತಳಕ್ಕೆ ತೂತು ಹೊಡೆಯಬೇಕಂತೆ, ಹೊಡೆದರು. ಒಡೆದ ಕಾಂಕ್ರೀಟನ್ನೆಲ್ಲ ಒಳಗೇ ತಳ್ಳಿದರು. ಪ್ರತಿ ಏಟಿಗೂ ಮೇಜಿನ ಮೇಲೆ ಹಲ್ಲುಗಳು ಕಟಕಟ ಅಂದವು.

ಮೇ 13

ಮಾತಿಲ್ಲ. ಅಮ್ಮನ ಮೂಲಕವೂ ಇಲ್ಲ.

ಮೇ 26, ಭಾನುವಾರ

ಭಾನುವಾರ ಬೆಳಿಗ್ಗೆ ಜೀರಿಗೆಯ ಅಪ್ಪ ಫೋನ್ ಮಾಡಬೇಕು. ಬೇರೆ ಊರಲ್ಲಿದ್ದಾನೆ, ಅಲ್ಲಿ ಇನ್ನೊಂದು ಸಂಸಾರ. ಹೋದ ವಾರ ಮಾಡಿರಲಿಲ್ಲ, ಈ ವಾರವೂ ಇಲ್ಲ. ಜೀರಿಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ನಾನು ಅಲ್ಲಿ ಇಲ್ಲಿ ಓಡಾಡಿದೆ. ನಾನೇ ಅವನಿಗೆ ಫೋನ್ ಮಾಡಿ ಹೇಳಲೇ? ನಾನು ಯಾರು ಅಂತ ಹೇಳಲಿ? ಏನೂ ಮಾಡಲಿಲ್ಲ. ಹತ್ತಿರ ಒಂದು ಲೋಟ ಹಾಲು ಇಟ್ಟು ಬಂದೆ. ಸಂಜೆ ನೋಡಿದಾಗ ಲೋಟ ಖಾಲಿ. ಬೆಕ್ಕು ಕುಡಿದಿರಬಹುದು.

ಕೊಳಕ್ಕೆ ಮಣ್ಣು ತುಂಬಿ ಆಗಿದೆ, ಅಂಚಿಗೆ ಒಂದು ಗೇಣು ಕಡಿಮೆ. ಪದರ ಪದರವಾಗಿ ಹಾಕಿ ಬಡಿದು ದಮ್ಮಸು ಮಾಡುತ್ತೇನೆಂದಿದ್ದ ಕಂಟ್ರಾಕ್ಟರ್, ಒಂದೇ ದಿನ ಲಾರಿಗಟ್ಟಲೆ ಸುರಿಸಿ, "ಮಳೆಗೆ ತಾನೇ ಕೂತ್ಕೊಳ್ಳುತ್ತೆ ಸಾರ್" ಎಂದು ಹೇಳಿ ಮಾಯವಾದ. ಉಯ್ಯಾಲೆಗೆ ಹೇಳಿದ್ದೇನೆ. ಬೇಕೋ ಬೇಡವೋ ಕೇಳುವ ಧೈರ್ಯವಾಗಲಿಲ್ಲ.

ಜೂನ್ 4

ಮೂರು ದಿನದಿಂದ ಒಂದೇ ಸಮ ಮಳೆ. ಆಳದ ತುದಿಯಲ್ಲಿ ನೀರು ಇಂಗುತ್ತಿಲ್ಲ. ಅಲ್ಲಿ ಹೊಡೆದದ್ದು ಒಂದೇ ತೂತು ಎಂದು ಈಗ ನೆನಪಾಗುತ್ತಿದೆ. ಅದೂ ಕಟ್ಟಿಕೊಂಡಿರಬೇಕು. ಕಂಟ್ರಾಕ್ಟರ್ ಫೋನ್ ಸ್ವಿಚ್ ಆಫ್.

ಶಾಲೆ ಶುರುವಾಗಿದೆ. ಹೆಂಡತಿಗೆ ಮಧ್ಯಾಹ್ನದ ಪಾಳಿ, ಆದ್ದರಿಂದ ಸಂಜೆ ಮನೆಯಲ್ಲಿ ನಾವಿಬ್ಬರೇ. ಜೀರಿಗೆ ಕೂತು ಬರೆಯುತ್ತಾಳೆ, ನಾನು ಕೂತು ಹಲ್ಲು ಕೆತ್ತುತ್ತೇನೆ. ನಡುವೆ ಬಾಗಿಲು ತೆರೆದೇ ಇರುತ್ತದೆ.

ಜೂನ್ 7

ಇವತ್ತಿನದನ್ನು ಬರೆದೇ ಮಲಗಬೇಕು.

ಮೊನ್ನೆಯೇ ಮಳೆ ಬಿಟ್ಟು ಬಿಸಿಲು ಬಂತು. ಇವತ್ತು ಕೊಳದ ಮೇಲ್ಮಣ್ಣು ಒಣಗಿ ಬಿರುಕು ಬಿಟ್ಟಂತೆ ಕಂಡಿತು. ಇವಳು ಶಾಲೆಯಿಂದ ಬಂದರೆ ಅಂಗಳ ಎಂದುಕೊಂಡು ಓಡುತ್ತಾಳೆ, ಅದಕ್ಕೆ ಮೊದಲು ನೋಡಿಬಿಡೋಣ, ಗಟ್ಟಿಯಾಗಿದೆಯಾ ಎಂದು. ಶಾಲೆಯ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಮೆಲ್ಲಗೆ ಇಳಿದೆ. ಮೆಟ್ಟಿಲ ಕಡೆ ಗಟ್ಟಿ. ನಡುವೆಯೂ ಗಟ್ಟಿ. ಆ ತುದಿಯಲ್ಲಿ ಕಾಲಿಟ್ಟೆ. ಹಪ್ಪಳ ಮುರಿದಂತೆ ಸದ್ದಾಯಿತು. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಕೀಳಲು ಎಡಗಾಲು ಊರಿದೆ, ಅದು ಇನ್ನೂ ಆಳಕ್ಕೆ. ಒದ್ದಾಡಿದಷ್ಟೂ ಇಳಿದೆ. ತೊಡೆ ಮುಳುಗಿದ ಮೇಲೆ ಒದ್ದಾಡುವುದು ನಿಲ್ಲಿಸಿದೆ. ಕೆಳಗೆ ಮಣ್ಣಲ್ಲ, ಅಂಬಲಿ.

ವ್ಯಾನು ಬಂದ ಸದ್ದು. ಮುಂಬಾಗಿಲು. ಚೀಲ ಕುರ್ಚಿಯ ಮೇಲೆ ಬಿದ್ದದ್ದು. ನನ್ನ ಕೋಣೆಯ ಕಡೆ ಹೋದ ಹೆಜ್ಜೆ, ನಿಂತ ಹೆಜ್ಜೆ. ಆಮೇಲೆ ಹಿತ್ತಲ ಬಾಗಿಲು. ನಾನೇ ತೆರೆದಿಟ್ಟು ಬಂದಿದ್ದೆ.

"ಹತ್ರ ಬರಬೇಡ ಕಣೇ! ಅಲ್ಲೇ ನಿಂತ್ಕೋ!" ಎಂದು ಕಿರುಚಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಯಾರ ಮೇಲೂ ಕಿರುಚಿಲ್ಲ.

ಅಂಚಿನ ಕಲ್ಲಿನ ಮೇಲೆ ನಿಂತಳು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಕೆಳಗೆ ಅಂತ ಹೆಚ್ಚೇನೂ ಉಳಿದಿರಲಿಲ್ಲ.

"ನಿಮ್ ಕಾಲೆಲ್ಲಿ?"

"ಒಳಗಿದೆ. ಏನೂ ಆಗಿಲ್ಲ. ನೀನು ಮಾತ್ರ ಇಳೀಬೇಡ, ನನ್ನಾಣೆ."

"ಅಳ್ತಿದೀರಾ?"

"ಇಲ್ಲ, ಬೆವರು."

ಒಳಗೆ ಓಡಿದಳು. ಕೊಡೆ ತಂದಳು. ಹಿಡಿದುಕೊಳ್ಳಲಿ ಎಂದು ಎಸೆದಳು, ನನ್ನ ಹಣೆಗೆ ಬಿತ್ತು. ಮತ್ತೆ ಓಡಿ ತನ್ನ ದಿಂಬು ತಂದಳು, ಅದನ್ನೂ ಎಸೆದಳು. ಮೂರನೇ ಸಲ ಏನೂ ಸಿಗದೆ ಬರಿಗೈಯಲ್ಲಿ ಬಂದು ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅವಳ ಕಾಲ್ಬೆರಳು ಕೆಸರಿನಿಂದ ಒಂದು ಗೇಣು ದೂರವಿತ್ತು. ನನಗೆ ನನ್ನ ಕಾಲಿನ ಚಿಂತೆ ಪೂರ್ತಿ ಹೋಗಿ ಆ ಬೆರಳುಗಳ ಮೇಲೇ ಕಣ್ಣು ನೆಟ್ಟಿತು.

"ಪಕ್ಕದ ಮನೆ ಮೇಷ್ಟ್ರನ್ನ ಕರ್ಕೊಂಡು ಬಾ. ಏಣಿ ತರೋಕೆ ಹೇಳು."

ಕದಲಲಿಲ್ಲ. "ನಾನು ಹೋದ್ರೆ ನೀವೂ ಹೋಗ್ಬಿಡ್ತೀರಾ?"

"ಇಲ್ಲ. ಎಲ್ಲಿಗೂ ಹೋಗಲ್ಲ."

"ಹಾಗಂತಲೇ ಎಲ್ಲಾರೂ ಹೇಳೋದು."

ಕೊನೆಗೆ ಅವಳೇ ದಾರಿ ಹುಡುಕಿದಳು. "ನಾನು ಬರೋವರೆಗೂ ಜೋರಾಗಿ ಏನಾದ್ರೂ ಹೇಳ್ತಾನೇ ಇರಿ. ನಂಗೆ ಅಲ್ಲಿಗೂ ಕೇಳಿಸ್ಬೇಕು. ನಿಲ್ಲಿಸಿದ್ರೆ ಮುಳುಗಿದ್ರಿ ಅಂತ ಅರ್ಥ."

ನನಗೆ ಹಾಡು ಬರುವುದಿಲ್ಲ. ಮಗ್ಗಿ ಶುರು ಮಾಡಿದೆ. "ಎರಡೊಂದ್ಲ ಎರಡು! ಎರಡೆರಡ್ಲ ನಾಲ್ಕು!" ಅವಳು ಓಡುತ್ತಾ ಓಡುತ್ತಾ ಹಿಂದೆ ತಿರುಗಿ, "ಇನ್ನೂ ಜೋರು!" ಅಂದಳು. ತೊಡೆಯವರೆಗೆ ಹೂತುಕೊಂಡು, ತಲೆಯ ಮೇಲೆ ಕಾಗೆ ಹಾರುತ್ತಿರಲು, ಊರಿಗೆಲ್ಲ ಕೇಳುವ ಹಾಗೆ ಎರಡರ ಮಗ್ಗಿ ಹೇಳಿದೆ. ಮುಗಿದ ಮೇಲೆ ಮೂರರದ್ದು. ಕಾಂಪೌಂಡಿನ ಆಚೆ ಗೇಟು ಬಡಿದ ಸದ್ದು, ಮೇಷ್ಟ್ರ ಹೆಂಡತಿಯ ದನಿ.

"ಏನಾಯ್ತೇ ಮರಿ, ಯಾರು ಅದು ಕೂಗ್ತಿರೋದು?"

"ನಮ್ಮನೆಯವರು! ನಮ್ಮನೆಯವರು ಕೆಸರಲ್ಲಿ ಸಿಕ್ಕಾಕ್ಕೊಂಡಿದಾರೆ, ಏಣಿ ತಗೊಂಡು ಬೇಗ ಬನ್ನಿ!"

ಆಮೇಲೆ ಮೇಷ್ಟ್ರ ಹೆಂಡತಿ ನಕ್ಕದ್ದು, ಪಾತ್ರೆ ಬಿದ್ದ ಹಾಗೆ. "ಅಯ್ಯೋ ನನ್ನ ಕಂದಾ, ನಿಮ್ಮನೆಯವರಾ!"

ನನ್ನ ಮಗ್ಗಿ ಮೂರಾರ್ಲದಲ್ಲಿ ನಿಂತುಹೋಯಿತು.

"ನಿಲ್ಲಿಸ್ಬೇಡೀ!" ಗೋಡೆಯಾಚೆಯಿಂದ ಚೀತ್ಕಾರ.

"ಹದಿನೆಂಟು!" ಎಂದು ಕೂಗಿದೆ. "ಮೂರೇಳ್ಲ ಇಪ್ಪತ್ತೊಂದು!"

ಮೇಷ್ಟ್ರು ಏಣಿಯನ್ನು ಕೆಸರಿನ ಮೇಲೆ ಅಡ್ಡ ಹಾಸಿದರು. "ಬೋರಲು ಬೀಳ್ರೀ, ನಿಂತ್ಕೊಂಡು ಕಿತ್ಕೋಬೇಡಿ. ಎದೆ ಏಣಿ ಮೇಲೆ! ಬಲಗಾಲು ಮೊದ್ಲು! ಒಂದು, ಎರಡು!" ಎಂದು ಪೆರೇಡು ಮಾಡಿಸಿದರು. ಒಂದೊಂದೇ ಕಾಲು ಬಾಟಲಿಯಿಂದ ಬಿರಡೆ ಕಿತ್ತಂತೆ ಸದ್ದು ಮಾಡುತ್ತಾ ಬಂತು. ಮೇಲೆ ಬಂದು ಮಲಗಿದ್ದವನ ಅಂಗಿಯ ತುದಿಯನ್ನು ಯಾರೋ ಹಿಡಿದುಕೊಂಡಿದ್ದರು. ಸ್ನಾನಕ್ಕೆ ಹೋಗುವವರೆಗೂ ಬಿಡಲಿಲ್ಲ.

ಹೆಂಡತಿ ಬಂದು ಕಥೆ ಕೇಳಿ ಮೊದಲು ನನ್ನ ಕಾಲು ಒತ್ತಿ ನೋಡಿದಳು. ಆಮೇಲೆ ಗೋಡೆಗೆ ಒರಗಿ ನಕ್ಕಳು. ಆಮೇಲೆ ಸ್ವಲ್ಪ ಅತ್ತಳು.

ಜೂನ್ 8

ಸೊಂಟ ಎತ್ತಲಾಗುತ್ತಿಲ್ಲ. ಒಂದು ಜೊತೆ ಚಪ್ಪಲಿ ಭೂಮಿಗೆ ಹೋಯಿತು.

ಹಾಸಿಗೆಯ ಪಕ್ಕ ಕೂತು ಜೀರಿಗೆ ವಿಚಾರಣೆ ನಡೆಸಿದಳು. "ನಿಮ್ಮನ್ನ ಏನಂತ ಕರೀಲಿ? ಅಪ್ಪ ಆಗ್ಲೇ ಇದಾರೆ."

"ಹೌದು, ಇದಾರೆ. ನಿನಗೆ ಹೇಗೆ ಇಷ್ಟವೋ ಹಾಗೆ."

"ಅಂಕಲ್ ಅಂತ ವ್ಯಾನ್ ಓಡಿಸೋರಿಗೆ ಅಂತೀವಿ." ನನ್ನ ಹೊದಿಕೆ ಸರಿಪಡಿಸಿದಳು. "ಅಮ್ಮ ಕರೆಯೋ ಹಾಗೇ ಕರೀತೀನಿ. ರೀ ಅಂತ."

ಆಗಲಿ ಅಂದೆ. ಆದರೆ ಶಾಲೆಯಲ್ಲಿ, ಹತ್ತು ಜನರೆದುರಿಗೆ, ಆರು ವರ್ಷದವಳು ನನ್ನನ್ನು ರೀ ಅಂದರೆ ಜನ ಏನೆಂದುಕೊಂಡಾರು?

ಜೂನ್ 21

ಕಂಟ್ರಾಕ್ಟರ್ ಸಿಕ್ಕ. ಡ್ರಿಲ್ ಮೇಷ್ಟ್ರು ಅವನ ಮನೆಗೇ ಹೋಗಿ ಕರೆತಂದರು. ಕೆಸರು ತೋಡಿಸಿ, ಆಳದ ತುದಿಯ ತಳಕ್ಕೆ ಸಾಕಷ್ಟು ತೂತು ಹೊಡೆಸಿ, ಜಲ್ಲಿ ಹಾಕಿಸಿ, ಈ ಸಲ ಪದರಕ್ಕೊಮ್ಮೆ ದಮ್ಮಸು ಮಾಡಿಸಿದೆವು. ಜೀರಿಗೆ ರಜೆಯ ದಿನ ಕಲ್ಲಿನ ಮೇಲೆ ನಿಂತು ಕೆಲಸದವರಿಗೆ "ಇನ್ನೂ ಜೋರು!" ಅನ್ನುತ್ತಿದ್ದಳು. ಒಂದೆರಡು ಮಳೆಗೆ ಇನ್ನಷ್ಟು ಇಳಿಯುತ್ತದೆ, ಆಮೇಲೆ ಮತ್ತೆರಡು ಲೋಡು ಮಣ್ಣು ಹಾಕಿದರೆ ಮುಗಿಯಿತು ಅಂದ ಕಂಟ್ರಾಕ್ಟರ್.

ಕೆಲಸ ಜಾಸ್ತಿಯಾಗಿದೆ. ಬರೆಯಲು ಪುರುಸೊತ್ತಿಲ್ಲ.

ಜುಲೈ 14

ಕಂಟ್ರಾಕ್ಟರ್ ಹೇಳಿದ ಹಾಗೇ ಆಗಿದೆ. ನಿನ್ನೆ ಬೆಳಿಗ್ಗೆಯಿಂದ ಸುರಿದ ಮಳೆಗೆ ಹಿತ್ತಲಿನ ನಡುವೆ ನೆಲ ತಗ್ಗಾಗಿ, ಕೊಳದ ಆಕಾರಕ್ಕೇ ನೀರು ನಿಂತಿದೆ. ಹಲ್ಲಿಗೆ ಬಣ್ಣ ಹೊಂದಿಸುತ್ತಿದ್ದವನು ತಲೆಯೆತ್ತಿದರೆ ಕಿಟಕಿಯ ತುಂಬ ನೀರು, ನೀರಿನ ನಡುವೆ ಇಬ್ಬರು. ಫೋನ್ ಎತ್ತಿಕೊಂಡೇ ಹೊರಗೆ ಹೋದೆ.

ನೀರು ಹಿಮ್ಮಡಿ ಮುಳುಗುವಷ್ಟೂ ಇರಲಿಲ್ಲ. ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದಳು. ವಾರದ ರಜೆ, ಕೈಯಲ್ಲಿ ಕಾಫಿಯ ಲೋಟ. ಜೀರಿಗೆ ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತಿದ್ದಳು, ನೀರು ರಾಚುತ್ತಿತ್ತು, ಆ ಗಲಾಟೆಗೆ ಮೇಷ್ಟ್ರು ಗೋಡೆಯ ಮೇಲೆ ತಲೆ ಹಾಕಿ ನೋಡಿ ಹೋದರು. ಓಡುವವಳು ಜಾರಿ ಬಿದ್ದಳು. ಕೂತಲ್ಲೇ ನಮ್ಮಿಬ್ಬರನ್ನೂ ನೋಡಿದಳು. ಎದ್ದಳು, ಮತ್ತೆ ಓಡಿದಳು.

"ರೀ, ಬನ್ನಿ! ಕೆಳಗೆ ಗಟ್ಟಿಯಿದೆ, ನಾನು ನೋಡಿದೀನಿ!"

ಕಂಟ್ರಾಕ್ಟರ್ ಫೋನು ಬಿಝಿ ಇತ್ತು. ಚಪ್ಪಲಿ ಬಿಟ್ಟೆ. ಪ್ಯಾಂಟು ಮಡಚಿದೆ, ಆದರೂ ನೆನೆಯಿತು. ನೀರು ಅಷ್ಟೇನೂ ತಣ್ಣಗಿರಲಿಲ್ಲ.

ಎರಡು ಲೋಡು ಮಣ್ಣಿಗೆ ಹೇಳಬೇಕು. ನಾಳೆ ಹೇಳಿದರಾಯಿತು. ಮಗಳು ಬಚ್ಚಲಿಂದ ಟವೆಲ್ ಕೇಳುತ್ತಿದ್ದಾಳೆ.